‘ವಿಟಿ’ ಮೇಲಿನ ಸಿಟ್ಟು ತಪ್ಪು ಜಾಗಕ್ಕೆ ಬೀಳುತ್ತಿದೆ

‘ವಿಟಿ ಅಂದರೆ ವೈಸ್‌ರಾಯ್ಸ್ ಟೆರಿಟರಿ, ನಮ್ಮ ವಿಮಾನಗಳ ಮೇಲೆ ಇನ್ನೂ ಯಾಕೆ ಈ ಗುಲಾಮಗಿರಿ?’ ಎನ್ನುವ ಪೋಸ್ಟ್ ಆಗಾಗ ಓಡಾಡುತ್ತಲೇ ಇರುತ್ತದೆ. ಓದಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಭಾರತದ ನಾಗರಿಕ ವಿಮಾನಗಳ ನೋಂದಣಿ ಗುರುತು ಶುರುವಾಗುವ ಆ ಎರಡು ಅಕ್ಷರಗಳಿಗೆ ಅಂಥ ಅರ್ಥವೇ ಇಲ್ಲ.

ಮೊದಲು ನಮ್ಮ ವಿಮಾನಗಳ ಮೇಲೆ ‘ಜಿ-ಐ’ ಎಂದು ಶುರುವಾಗುವ ಗುರುತು ಇತ್ತು. 1927ರ ವಾಷಿಂಗ್ಟನ್ ರೇಡಿಯೋ ಸಮ್ಮೇಳನದಲ್ಲಿ ದೇಶದೇಶಗಳಿಗೆ ಕರೆ ಸಂಕೇತಗಳನ್ನು (ರೇಡಿಯೋದಲ್ಲಿ ಯಾವ ದೇಶದವರೆಂದು ತಿಳಿಸುವ ಅಕ್ಷರಗಳನ್ನು) ಹಂಚಿದಾಗ ಬ್ರಿಟಿಷ್ ಆಳ್ವಿಕೆಯ ಹಲವು ನಾಡುಗಳ ಪಾಲಿಗೆ ‘ವಿ’ ಸರಣಿ ಬಂತು. ಆಸ್ಟ್ರೇಲಿಯಾಕ್ಕೆ ವಿಎಚ್, ಹಾಂಗ್‌ಕಾಂಗ್‌ಗೆ ವಿಆರ್-ಎಚ್, ನಮಗೆ ವಿಟಿ. ಆಸ್ಟ್ರೇಲಿಯಾದಲ್ಲಿ ವೈಸ್‌ರಾಯ್ ಯಾವತ್ತೂ ಇರಲಿಲ್ಲ. ಆ ಹಂಚಿಕೆ ನಡೆದದ್ದು ಸಾಮ್ರಾಜ್ಯದ ಕಾಲದಲ್ಲಿ ಎನ್ನುವುದು ನಿಜ, ಅದನ್ನು ಅಲ್ಲಗಳೆಯುತ್ತಿಲ್ಲ. ‘ವಿ’ ಅಂದರೆ ವೈಸ್‌ರಾಯ್ ಎನ್ನುವುದು ಮಾತ್ರ ಆಮೇಲೆ ಹುಟ್ಟಿದ ಕಥೆ.

ಬದಲಿಸೋಣ ಅಂದರೂ ಬೇಕಾದ ಅಕ್ಷರ ಸಿಗುವುದಿಲ್ಲ. ಭಾರತದ ‘ಬಿ’ ಚೀನಾದ ಕೈಯಲ್ಲಿದೆ, ಇಂಡಿಯಾದ ‘ಐ’ ಇಟಲಿಯ ಕೈಯಲ್ಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ತನಗೆ ಕೊಟ್ಟ ಸರಣಿಯೊಳಗಿನಿಂದಲೇ ದೇಶ ತನ್ನ ಗುರುತನ್ನು ಆರಿಸಿಕೊಳ್ಳಬೇಕು. ನಮ್ಮ ಪಾಲಿನವು ಮೂರು: ಎಟಿಎಯಿಂದ ಎಡಬ್ಲ್ಯೂಝಡ್, ವಿಟಿಎಯಿಂದ ವಿಡಬ್ಲ್ಯೂಝಡ್, 8ಟಿಎಯಿಂದ 8ವೈಝಡ್. ವಿಟಿ ಅಳಿಸಿ ಎಟಿ ಅಂತಲೋ 8ಟಿ ಅಂತಲೋ ಬರೆದರೆ ಯಾರ ಸ್ವಾಭಿಮಾನಕ್ಕೆ ಏನು ಸೇರುತ್ತದೆ? ಅಷ್ಟಕ್ಕಾಗಿ ಪ್ರತಿ ವಿಮಾನದ ಬಣ್ಣ, ನೋಂದಣಿ ಪತ್ರ, ಹಾರಾಟ ಯೋಗ್ಯತಾ ಪತ್ರ, ವಿಮೆ, ಲೀಸ್ ಕರಾರು ಎಲ್ಲವನ್ನೂ ಹೊಸದಾಗಿ ಮಾಡಬೇಕು.

ನನಗಂತೂ ವಿಟಿ ಎಂದರೆ ನಮ್ಮ ವಿಮಾನಯಾನದ ಚರಿತ್ರೆಯೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ಹೊತ್ತು ತಂದ ಪುಸ್ ಮಾತ್ ವಿಮಾನ ವಿಟಿ-ಎಡಿಎನ್. 1950ರಲ್ಲಿ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದ ‘ಮಲಬಾರ್ ಪ್ರಿನ್ಸೆಸ್’ ವಿಟಿ-ಸಿಕ್ಯೂಪಿ. 1966ರಲ್ಲಿ ಅದೇ ಪರ್ವತದಲ್ಲಿ ಬಿದ್ದ ‘ಕಾಂಚನಜುಂಗಾ’ ವಿಟಿ-ಡಿಎಂಎನ್. 1985ರಲ್ಲಿ ಬಾಂಬಿಗೆ ಬಲಿಯಾದ ‘ಕನಿಷ್ಕ’ ವಿಟಿ-ಇಎಫ್‌ಒ. ಎ, ಸಿ, ಡಿ, ಇ. ವರ್ಷ ಉರುಳಿದಂತೆ ಅಕ್ಷರವೂ ಮುಂದೆ ಸರಿದಿದೆ. ಈಗ ಕಂಪನಿಗಳು ತಮಗೆ ಒಪ್ಪುವ ಅಕ್ಷರ ಕೇಳಿ ಪಡೆಯುವುದರಿಂದ ಆ ಕ್ರಮ ಉಳಿದಿಲ್ಲ.

ವಿಟಿ ನಂತರದ ಮೂರು ಅಕ್ಷರಕ್ಕೂ ನಿಯಮವಿದೆ. ‘ಕ್ಯೂ’ನಿಂದ ಶುರುವಾಗುವಂತಿಲ್ಲ, ಅವು ರೇಡಿಯೋ ಸಂದೇಶದಲ್ಲಿ ಬಳಸುವ ಚುಟುಕು ‘ಕ್ಯೂ’ ಸಂಕೇತಗಳು. ಎಸ್‌ಒಎಸ್, ಪಿಎಎನ್, ಎಕ್ಸ್‌ಎಕ್ಸ್‌ಎಕ್ಸ್, ಟಿಟಿಟಿ ಕೂಡ ಇಲ್ಲ, ಆಪತ್ತಿನ ಕರೆ ಎಂದು ಗೊಂದಲವಾದೀತು. ಬರೆಯುವ ಅಳತೆಯಂತೂ ಬಹಳ ಕರಾರುವಾಕ್ಕು. ವಿಮಾನದ ಮೈಮೇಲೆ ಅಕ್ಷರ ಕನಿಷ್ಠ 30 ಸೆಂ.ಮೀ. ಎತ್ತರ ಇರಬೇಕು, ರೆಕ್ಕೆಯ ಅಡಿ 50. ಅಗಲ ಎತ್ತರದ ಮೂರರಲ್ಲಿ ಎರಡು ಪಾಲು, ಗೆರೆಯ ದಪ್ಪ ಆರನೇ ಒಂದು, ನಡುವಿನ ಜಾಗ ಅಗಲದ ಕಾಲು ಭಾಗಕ್ಕೆ ಕಮ್ಮಿಯಿಲ್ಲ. 30 ಸೆಂ.ಮೀ. ಲೆಕ್ಕದಲ್ಲಿ ಒಂದು ಅಕ್ಷರ 20 ಅಗಲ, 5 ದಪ್ಪ. ಐದು ಅಕ್ಷರ, ಒಂದು ಅಡ್ಡಗೆರೆ, ಐದು ಸಂದು ಸೇರಿ 145 ಸೆಂ.ಮೀ. ಬಣ್ಣ ಸುಟ್ಟುಹೋದರೂ ಗುರುತು ಉಳಿಯಲಿ ಎಂದು ಬೆಂಕಿ ತಾಳುವ ಲೋಹದ ಫಲಕದಲ್ಲಿ ಅದನ್ನೇ ಕೆತ್ತಿ ಮುಖ್ಯ ಬಾಗಿಲ ಹತ್ತಿರ ಕೂರಿಸಿರುತ್ತಾರೆ.

ನಿಜವಾದ ತೊಡಕು ಇರುವುದು ಕಣ್ಣಿಗೆ ಕಾಣದ ಕಡೆ. ನಾಗರಿಕ ವಿಮಾನಯಾನದ ಅಂತರರಾಷ್ಟ್ರೀಯ ಒಪ್ಪಂದವಾದ 1944ರ ಶಿಕಾಗೋ ಒಪ್ಪಂದದ ಪ್ರಕಾರ ಒಂದು ವಿಮಾನ ಏಕಕಾಲಕ್ಕೆ ಎರಡು ದೇಶಗಳ ರಿಜಿಸ್ಟರ್‌ನಲ್ಲಿ ಇರುವಂತಿಲ್ಲ. ಹಾಗಾಗಿ ಹೊರದೇಶದಿಂದ ಹಳೆಯ ವಿಮಾನ ತಂದರೆ ನಮ್ಮ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ಮುಂದೆ ಇಡಬೇಕಾದ ಕಾಗದಗಳಲ್ಲಿ ಮುಖ್ಯವಾದದ್ದು ಆ ದೇಶ ಕೊಟ್ಟ ನೋಂದಣಿ ರದ್ದು ಪತ್ರ. ಕಾಗದ ಸರಿಹೋದ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ರತಿ ವಿಮಾನದಲ್ಲಿ ರಾಡಾರ್‌ಗೆ ಉತ್ತರ ಕಳಿಸುವ ಟ್ರಾನ್ಸ್‌ಪಾಂಡರ್‌ಗೆ 24 ಬಿಟ್‌ನ ಒಂದು ವಿಳಾಸ ಇರುತ್ತದೆ. ಅಂಥ 2,62,144 ವಿಳಾಸಗಳು ಭಾರತದ ಪಾಲಿನವು. ಹಳೇ ದೇಶದ ವಿಳಾಸ ತೆಗೆದು ಹೊಸದನ್ನು ತುಂಬಲು ಮರೆತರೆ, ಮುಂದೆ ಅದೇ ವಿಳಾಸ ಬೇರೊಂದು ವಿಮಾನಕ್ಕೂ ಸಿಕ್ಕರೆ, ರಾಡಾರ್ ಎರಡನ್ನೂ ಒಂದೇ ಎಂದುಕೊಳ್ಳಬಹುದು. ಅದಕ್ಕಿಂತ ಭಯದ ಸಂಗತಿ ಬೇರೆ: ಡಿಕ್ಕಿ ತಪ್ಪಿಸುವ ಉಪಕರಣ ತನ್ನದೇ ವಿಳಾಸದ ಉತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎದುರಿಗೆ ಬರುತ್ತಿರುವ ವಿಮಾನಕ್ಕೂ ಅದೇ ವಿಳಾಸವಿದ್ದರೆ ಎಚ್ಚರಿಕೆ ಬಾರದೇ ಹೋಗಬಹುದು. ಅಪಘಾತವಾದಾಗ ಉಪಗ್ರಹಕ್ಕೆ ಸಂಕೇತ ಕಳಿಸುವ ಪೆಟ್ಟಿಗೆಯೂ ಹಾಗೆಯೇ. ಅದರಲ್ಲಿ ಭಾರತದ ದೇಶ ಸಂಖ್ಯೆ 419 ಕೂರಬೇಕು, ಇಲ್ಲವಾದರೆ ‘ಈ ವಿಮಾನ ಯಾರದು’ ಎನ್ನುವ ವಿಚಾರಣೆ ಹಳೇ ದೇಶಕ್ಕೆ ಹೋಗಿ ಹೊತ್ತು ಹಾಳಾಗುತ್ತದೆ.

ಸೇನೆಯ ಲೆಕ್ಕವೇ ಬೇರೆ. ಮಿಲಿಟರಿ, ಕಸ್ಟಮ್ಸ್, ಪೊಲೀಸ್ ಕೆಲಸದ ವಿಮಾನಗಳನ್ನು ಶಿಕಾಗೋ ಒಪ್ಪಂದ ‘ಸರ್ಕಾರಿ ವಿಮಾನ’ ಎಂದು ಹೊರಗಿಟ್ಟಿದೆ. ನಮ್ಮ ವಾಯುಪಡೆಯ ವಿಮಾನಗಳಿಗೆ ವಿಟಿ ಇಲ್ಲ, ಡಿಜಿಸಿಎ ಪತ್ರವೂ ಇಲ್ಲ; ಅವುಗಳ ಹಾರಾಟ ಯೋಗ್ಯತೆ ನೋಡುವುದು ಬೆಂಗಳೂರಿನ ಸೆಮಿಲ್ಯಾಕ್ ಎಂಬ ಸಂಸ್ಥೆ. ಸಾರಿಗೆ ವಿಮಾನಗಳ ಗುರುತು ಸಂಖ್ಯೆ ಬಹುಪಾಲು ‘ಕೆ’ಯಿಂದ, ಹೆಲಿಕಾಪ್ಟರ್ ‘ಝಡ್’ನಿಂದ, ಸುಖೋಯ್-30 ‘ಎಸ್‌ಬಿ’ಯಿಂದ ಶುರುವಾಗುತ್ತದೆ. ರಫೇಲ್‌ನ ‘ಆರ್‌ಬಿ’ ಮತ್ತು ‘ಬಿಎಸ್’ ವಾಯುಪಡೆಯ ಮುಖ್ಯಸ್ಥರಾಗಿದ್ದ ಭದೌರಿಯಾ ಮತ್ತು ಧನೋವಾ ಅವರ ಹೆಸರಿನಿಂದ ಬಂದವು. ನೌಕಾಪಡೆಗೆ ‘ಐಎನ್’, ಕರಾವಳಿ ರಕ್ಷಣಾ ಪಡೆಗೆ ‘ಸಿಜಿ’. ಬಿಎಸ್‌ಎಫ್ ಮಾತ್ರ ಗಡಿ ಕಾಯುವ ಪಡೆಯಾದರೂ ವಿಟಿಯನ್ನೇ ಬಳಸಿದೆ. ಪ್ರಧಾನಿ, ರಾಷ್ಟ್ರಪತಿಗಳ ಎರಡು ಬೋಯಿಂಗ್ 777ಗಳು ಮೊದಲು ವಿಟಿ-ಎಎಲ್‌ವಿ, ವಿಟಿ-ಎಎಲ್‌ಡಬ್ಲ್ಯೂ ಆಗಿದ್ದವು. ವಾಯುಪಡೆಯ ಕೈಗೆ ಬಂದ ಮೇಲೆ ಕೆ7066, ಕೆ7067. ಲೋಹ ಅದೇ, ಕಾನೂನಿನ ಕಣ್ಣಲ್ಲಿ ಮಾತ್ರ ಬೇರೆಯೇ ವಿಮಾನ.

ಸಿಟ್ಟು ಬರಲೇಬೇಕಾದ ಜಾಗ ರಿಜಿಸ್ಟರ್‌ನಿಂದ ಹೆಸರು ತೆಗೆಸುವ ಹಂತ. ಏರ್‌ಲೈನ್ ಕೈಚೆಲ್ಲಿದಾಗ ಲೀಸ್ ಕೊಟ್ಟವರು ವಿಮಾನ ವಾಪಸ್ ಒಯ್ಯಬೇಕೆಂದರೆ ಮೊದಲು ವಿಟಿ ನೋಂದಣಿ ರದ್ದಾಗಬೇಕು. ವಿಮಾನ ಲೀಸ್ ಕೊಟ್ಟವರ ಹಕ್ಕು ಕಾಯುವ ಅಂತರರಾಷ್ಟ್ರೀಯ ಕೇಪ್‌ಟೌನ್ ಒಪ್ಪಂದವನ್ನು ಭಾರತ 2008ರಲ್ಲೇ ಸೇರಿತ್ತು. ಆದರೂ 2023ರ ಮೇನಲ್ಲಿ ಗೋ ಫಸ್ಟ್ ಏರ್‌ಲೈನ್ ದಿವಾಳಿ ಪ್ರಕ್ರಿಯೆಗೆ ಹೋದಾಗ ಅದರ ವಿಮಾನಗಳು ನಿಂತಲ್ಲೇ ನಿಂತವು. 54 ವಿಮಾನಗಳ ನೋಂದಣಿಯನ್ನು ಐದು ಕೆಲಸದ ದಿನಗಳಲ್ಲಿ ರದ್ದು ಮಾಡಿ ಎಂದು ದೆಹಲಿ ಹೈಕೋರ್ಟ್ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ನಿಂತ ವಿಮಾನ ದಿನದಿನಕ್ಕೆ ಬೆಲೆ ಕಳೆದುಕೊಳ್ಳುತ್ತದೆ, ಆ ಅಪಾಯದ ಲೆಕ್ಕ ಮುಂದಿನವರ ಲೀಸ್ ಬಾಡಿಗೆಗೆ, ಅಲ್ಲಿಂದ ಟಿಕೆಟ್ ದರಕ್ಕೆ ಸೇರುತ್ತದೆ. ಸಂಸತ್ತು ಇದಕ್ಕೆಂದೇ ಕಾಯ್ದೆ ಮಾಡಿದ್ದು 2025ರಲ್ಲಿ, ಒಪ್ಪಂದ ಸೇರಿ 17 ವರ್ಷ ಕಳೆದ ಮೇಲೆ. ‘ವೈಸ್‌ರಾಯ್’ ಪೋಸ್ಟ್ ಹಂಚುವ ಗೆಳೆಯರು ಆ ಹದಿನೇಳು ವರ್ಷದ ಬಗ್ಗೆ ಕೇಳಲಿ.