ಹೊಸ ನರ್ಸ್‌ಗಳು ಕೆಲಸ ಬಿಡುವುದು ತಾಳ್ಮೆ ಇಲ್ಲದ್ದಕ್ಕಲ್ಲ

"ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ, ಅದಕ್ಕೇ ಆಸ್ಪತ್ರೆ ಸೇರಿದ ವರ್ಷದೊಳಗೆ ನರ್ಸ್ ಕೆಲಸ ಬಿಡ್ತಾರೆ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಈ ಕಷ್ಟ ಈಗಿನದ್ದೇ ಅಲ್ಲ. ಓದು ಮುಗಿಸಿ ವಾರ್ಡಿಗೆ ಬಂದವರಿಗೆ ಆಗುವ ಆಘಾತವನ್ನು ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ 'ರಿಯಾಲಿಟಿ ಶಾಕ್' ಎಂದು ಕರೆದಿದ್ದರು. ಆಗಿನ ಹೊಸಬರು ಈಗ ನಿವೃತ್ತರು.

ಪಕ್ಕದಲ್ಲಿ ಟೀಚರ್ ಇರುವಾಗ ಒಂದಿಬ್ಬರು ರೋಗಿಗಳನ್ನು ನೋಡಿಕೊಂಡು ಕಲಿತವರು ವಾರ್ಡಿನಲ್ಲಿ ಇಡೀ ಸಾಲಿನ ರೋಗಿಗಳಿಗೆ ಹೊತ್ತುಹೊತ್ತಿಗೆ ಔಷಧಿ ಕೊಟ್ಟು, ಡ್ರಿಪ್ ನೋಡಿ, ಬಿಪಿ ಬರೆದು, ಮನೆಯವರಿಗೆ ಉತ್ತರ ಹೇಳಿ, ಯಾರ ಸ್ಥಿತಿ ಕೆಡುತ್ತಿದೆ ಎಂದು ತಾವೇ ಗುರುತಿಸಬೇಕು. ಅದೂ ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ. ಡೋಸ್ ತಪ್ಪಿತೇನೋ ಎಂಬ ಭಯ ಮನೆಗೆ ಹೋದರೂ ಬಿಡುವುದಿಲ್ಲ. ಪಾಳಿ ಬದಲಾದಾಗ ನಿದ್ದೆ ಕೆಡುವುದು ದೇಹದ ಗಡಿಯಾರದಿಂದ, ಸುಮ್ನೆ ಮನಸ್ಸು ಗಟ್ಟಿ ಮಾಡಿಕೊಂಡರೆ ಅದು ಸರಿಹೋಗುವುದಿಲ್ಲ.

"ನಾವೂ ಬೈಸಿಕೊಂಡೇ ಕಲಿತೆವು" ಅನ್ನುವವರೂ ಇದ್ದಾರೆ. ಬೈಗುಳಕ್ಕೆ ಹೆದರಿದವರು ಅನುಮಾನ ಬಂದರೂ ಕೇಳುವುದಿಲ್ಲ, ಅದು ರೋಗಿಗೇ ಅಪಾಯ ಅಲ್ವಾ? ಅನುಭವಿ ನರ್ಸ್ ಒಬ್ಬರ ಜೊತೆ ಕೆಲವು ತಿಂಗಳು ಜೋಡಿಯಾಗಿ ಬಿಟ್ಟು, ರೋಗಿಗಳ ಸಂಖ್ಯೆಯನ್ನು ನಿಧಾನವಾಗಿ ಹೆಚ್ಚಿಸುವ ಕಡೆ ಹೊಸಬರು ಜಾಸ್ತಿ ಉಳಿಯುತ್ತಾರೆ. ಆ ಸಂದೇಶ ಕಳಿಸುವ ಮೊದಲು ನಿಮ್ಮ ವಾರ್ಡಿನಲ್ಲಿ ಈ ವ್ಯವಸ್ಥೆ ಇದೆಯಾ ನೋಡಿ.