ಕ್ಷಮೆ ಅಂದ್ರೆ ಕೇಸ್ ಕ್ಲೋಸ್ ಅಂತಲ್ಲ

"ನಿಮ್ಮ ಕ್ರೈಸ್ತರಿಗೇನಪ್ಪಾ, ವಾರವಿಡೀ ಏನ್ ಬೇಕಾದ್ರೂ ಮಾಡಿ ಭಾನುವಾರ ಫಾದರ್ ಕಿವೀಲಿ ಹೇಳ್ಬಿಟ್ರೆ ಎಲ್ಲಾ ಮಾಫಿ" ಅಂತ ಫ್ರೆಂಡ್ಸ್ ಕಾಲೆಳೀತಾನೇ ಇರ್ತಾರೆ. ನಗ್ತೀನಿ. ಆದ್ರೆ ನಮ್ಮ ಚರ್ಚಲ್ಲೇ ಎಷ್ಟೋ ಜನ ಹಾಗೇ ನಂಬ್ಕೊಂಡಿದಾರಲ್ಲ, ಅದು ಬೇಜಾರು.

ಕದ್ದವನು ಪಾಪನಿವೇದನೆ, ಅಂದ್ರೆ ಫಾದರ್ ಮುಂದೆ ತಪ್ಪೊಪ್ಪಿಗೆ, ಮಾಡಿದ್ರೂ ಕದ್ದಿದ್ದನ್ನ ವಾಪಸ್ ಕೊಡ್ಲೇಬೇಕು ಅಂತ ಕ್ರೈಸ್ತ ಧರ್ಮಸಭೆ ಮೊದಲಿಂದ್ಲೂ ಹೇಳ್ತಾ ಬಂದಿದೆ, ಕೊಡೋ ಮನಸ್ಸೇ ಇಲ್ಲ ಅಂದ್ರೆ ಅದು ಪಶ್ಚಾತ್ತಾಪವೇ ಅಲ್ಲ. ಬೈಬಲ್ಲಲ್ಲಿ ಲೂಕನ ಸುವಾರ್ತೆಯ ಜಕ್ಕಾಯನ ಕಥೆ ನೋಡಿ. ಸುಂಕದವನು, ಜನರನ್ನ ಸುಲಿದು ದುಡ್ಡು ಮಾಡ್ಕೊಂಡೋನು, ಕುಳ್ಳ ಬೇರೆ, ಯೇಸುನ ನೋಡೋಕೆ ಮರ ಹತ್ತಿ ಕೂತಿದ್ದ. ಯೇಸು ಅವನಿಗೆ ಮೊದ್ಲು ಬೈದು ಬುದ್ಧಿ ಹೇಳ್ಲಿಲ್ಲ, ಇಳಿದು ಬಾ, ಇವತ್ತು ನಿನ್ನ ಮನೇಲೇ ಇರ್ತೀನಿ ಅಂದ ಅಷ್ಟೆ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಜಕ್ಕಾಯ ಹೇಳಿದ್ದು ಆಮೇಲೆ. ಕರುಣೆ ಮೊದ್ಲು ಬಂತು ನಿಜ, ಆದ್ರೆ ಲೆಕ್ಕ ಚುಕ್ತಾ ಮಾಡೋದು ತಪ್ಲಿಲ್ಲ.

ನಮ್ಮ ದೇಶದಲ್ಲೇ ಆಸ್ಟ್ರೇಲಿಯಾದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಇದ್ರಲ್ಲ. 1999ರ ಜನವರೀಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ, ಮಕ್ಕಳು ಫಿಲಿಪ್ ಮತ್ತೆ ತಿಮೋತಿ ಗಾಡಿಯೊಳಗೆ ಮಲಗಿದ್ದಾಗ ಬೆಂಕಿ ಹಚ್ಚಿ ಕೊಂದ್ರು. ದೊಡ್ಡವನಿಗೆ 10 ವರ್ಷ, ಚಿಕ್ಕವನಿಗೆ 6. ಕೊಂದವರನ್ನ ಕ್ಷಮಿಸಿದೀನಿ ಅಂದ್ಬಿಟ್ರು ಆಕೆ, ತಕ್ಷಣ ಆಸ್ಟ್ರೇಲಿಯಾಗೆ ಹೊರಟೂ ಹೋಗ್ಲಿಲ್ಲ, 2004ರವರೆಗೂ ಒಡಿಶಾದ ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದ್ರು. ಆದ್ರೆ ನಾನು ಕ್ಷಮಿಸಿದೀನಿ ಅಂತ ಕೋರ್ಟು ಬಿಟ್ಬಿಡ್ಬೇಕು ಅಂತ ಅವರೇನೂ ಕೇಳ್ಲಿಲ್ಲ, ಕಾನೂನಿನ ದಾರಿ ಬೇರೆ ನನ್ನ ಕ್ಷಮೆ ಬೇರೆ ಅನ್ನೋದು ಅವರ ನಿಲುವು. ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ 2003ರಲ್ಲಿ ಗಲ್ಲು ಶಿಕ್ಷೆ ಆಯ್ತು, 2005ರಲ್ಲಿ ಹೈಕೋರ್ಟ್ ಅದನ್ನ ಜೀವಾವಧಿಗೆ ಇಳಿಸ್ತು, 2011ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡೀತು.

ಇನ್ನೊಬ್ಬ ಅಪರಾಧಿ ಮಹೇಂದ್ರ ಹೆಂಬ್ರಮ್ 2025ರ ಏಪ್ರಿಲ್‌ನಲ್ಲಿ ಸನ್ನಡತೆ ಮೇಲೆ ಹೊರಗೆ ಬಂದಾಗ ನಮ್ಮವರ ಗ್ರೂಪುಗಳಲ್ಲಿ ದೊಡ್ಡ ಜಗಳ. ಒಬ್ರು ಅನ್ಯಾಯ ಅಂದ್ರೆ ಇನ್ನೊಬ್ರು ಗ್ಲಾಡಿಸ್ಸೇ ಕ್ಷಮಿಸಿರುವಾಗ ನಿಂದೇನು ಅಂದ್ರು. ಸರ್ಕಾರ ಶಿಕ್ಷೆ ಕಮ್ಮಿ ಮಾಡೋದು ಕ್ಷಮೆ ಅಲ್ಲ ಮಾರಾಯ್ರೆ, ಅದು ಜೈಲಿನ ಲೆಕ್ಕಾಚಾರ. ಅವನಂತೂ ಹೊರಗೆ ಬಂದು ತನ್ನನ್ನ ಸುಳ್ಳು ಕೇಸಲ್ಲಿ ಸಿಗಿಸಿದ್ರು ಅಂದ. ತಪ್ಪೇ ಒಪ್ಪದವನಿಗೆ ಗ್ಲಾಡಿಸ್ ಕೊಟ್ಟ ಕ್ಷಮೆ ತಲುಪುತ್ತಾ? ಅದು ಅವನಿಗೂ ದೇವರಿಗೂ ಬಿಟ್ಟಿದ್ದು, ನನಗಂತೂ ಬಗೆಹರಿದಿಲ್ಲ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಗ್ಲಾಡಿಸ್ ಕಥೇನ ಚರ್ಚಿನ ಪ್ರವಚನದಲ್ಲಿ ಹೇಳಿ ಹೇಳಿ ಗಂಡನ ಕೈಲಿ ಒದೆ ತಿಂದು ಬಂದ ಹೆಣ್ಮಗಳಿಗೆ "ನೀನೂ ಕ್ಷಮಿಸಮ್ಮ, ಶಿಲುಬೆ ಹೊತ್ಕೋ" ಅಂತ ಮನೆಗೆ ವಾಪಸ್ ಕಳಿಸ್ತಾರಲ್ಲ. ಗ್ಲಾಡಿಸ್‌ಗೆ ಕ್ಷಮಿಸು ಅಂತ ಯಾರೂ ಕುತ್ತಿಗೆ ಮೇಲೆ ಕೂತಿರ್ಲಿಲ್ಲ. ಆ ಹೆಣ್ಮಗಳಿಗೆ ಉಪದೇಶ ಮಾಡೋಕೆ ಮುಂಚೆ ಆ ಗಂಡನ್ನ ಕರೆಸಿ ಕೇಳಿ ಸ್ವಾಮಿ, ಅವನು ಬಗ್ಗಲಿಲ್ಲ ಅಂದ್ರೆ ಸ್ಟೇಷನ್ನಿಗೆ ಅವಳ ಜೊತೆ ನೀವೇ ಹೋಗಿ.