ಆಯ್ಕೆಗಾರರ ದಿವ್ಯದೃಷ್ಟಿ

ದಕ್ಷಿಣ ಆಫ್ರಿಕಾದಲ್ಲಿ ಚಳಿಗಾಲದ ಶಾಲಾ ರಜೆ ಹತ್ತಿರವಾಗುತ್ತಿದ್ದಂತೆ 18 ವರ್ಷದೊಳಗಿನ ಶಾಲಾ ಹುಡುಗರ ವಾರ್ಷಿಕ ರಗ್ಬಿ ಕೂಟವಾದ ಕ್ರೇವನ್ ವೀಕ್‌ಗೆ ಪ್ರಾಂತೀಯ ತಂಡಗಳ ಪಟ್ಟಿಗಳು ಹೊರಬೀಳುತ್ತವೆ. ಅದರ ಬೆನ್ನಿಗೇ ಕೈಬಿಟ್ಟ ಹುಡುಗರ ಹೆತ್ತವರು ದೂರುತ್ತಾರೆ, ಆಯ್ಕೆಯು ಪ್ರತಿಭೆಯೊಂದನ್ನೇ ಆಧರಿಸಿದೆಯೆಂದು ಸಮಿತಿಯವರು ಸಮಜಾಯಿಷಿ ಕೊಡುತ್ತಾರೆ, ಎರಡು ವಾರಗಳಲ್ಲಿ ಎಲ್ಲವೂ ತಣ್ಣಗಾಗುತ್ತದೆ. ಈ ವಾರ್ಷಿಕ ವಿಧಿಯನ್ನು ಬಲ್ಲವರಿಗೆ ಈ ವರ್ಷದ ವಿವರಗಳನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ನನಗಂತೂ ಆಯ್ಕೆಗಾರರ ಬಗ್ಗೆ ಅಪಾರ ಗೌರವವಿದೆ. ಆಯ್ಕೆಗೆಂದು ನಡೆಸುವ ಟ್ರಯಲ್ಸ್ ಪಂದ್ಯದಲ್ಲಿ ಹೆಸರು ಕೇಳದ ಶಾಲೆಯೊಂದರ ವಿಂಗ್ ಆಟಗಾರನಿಗೆ, ಅಂದರೆ ಮೈದಾನದ ಅಂಚಿನಲ್ಲಿ ಓಡುವವನಿಗೆ, ಇಪ್ಪತ್ತು ನಿಮಿಷ ಸಿಗುತ್ತದೆ. ಮೈದಾನದ ನಡುಭಾಗದಲ್ಲಿ ಆಡುವ ಒಳಗಿನ ಸೆಂಟರ್ ಆಟಗಾರನಿಗೂ ತನ್ನ ಆಯ್ಕೆಯದೇ ಚಿಂತೆಯಾದ್ದರಿಂದ ಅವನು ಚೆಂಡನ್ನು ಪಾಸ್ ಮಾಡುವುದಿಲ್ಲ. ಹುಡುಗ ಗೆರೆಯ ಪಕ್ಕದಲ್ಲಿ ಕೈ ಚಾಚಿಕೊಂಡು ಓಡುತ್ತಾನೆ, ನಿಲ್ಲುತ್ತಾನೆ, ಮತ್ತೆ ಓಡುತ್ತಾನೆ. ಒಮ್ಮೆಯೂ ಚೆಂಡು ಮುಟ್ಟದ ಈ ಹುಡುಗನಲ್ಲಿ ಪ್ರಭಾವ ಸಾಲದೆಂಬುದನ್ನು ಆಯ್ಕೆಗಾರರು ಕಂಡುಹಿಡಿಯುತ್ತಾರೆ. ದೊಡ್ಡ ಶಾಲೆಯ ಹುಡುಗನಾದರೋ ಇಷ್ಟೆಲ್ಲ ಕಷ್ಟಪಡಬೇಕಾಗಿಲ್ಲ. ಅವನ ತರಬೇತುದಾರರೇ ಸಮಿತಿಯಲ್ಲಿ ಕುಳಿತಿದ್ದರೆ ವರ್ಷವಿಡೀ ಅವನ ಆಟವನ್ನು ನೋಡಿರುತ್ತಾರೆ. ಬಲ್ಲವನನ್ನೇ ಮತ್ತೆ ಪರೀಕ್ಷಿಸುವುದು ಸೌಜನ್ಯವಲ್ಲ.

ಫ್ರೀ ಸ್ಟೇಟ್ ಪ್ರಾಂತ್ಯದ ತಂಡದಲ್ಲಿ ವರ್ಷಗಟ್ಟಲೆ ಬ್ಲೂಮ್‌ಫಾಂಟೈನ್‌ನ ಗ್ರೇ ಕಾಲೇಜಿನ ಹುಡುಗರದೇ ಮೇಲುಗೈ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರು ನಿಜಕ್ಕೂ ಚೆನ್ನಾಗಿ ಆಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರತಿಭಾವಂತ ಹುಡುಗರನ್ನು ವಿದ್ಯಾರ್ಥಿವೇತನ ಕೊಟ್ಟು ಒಂದೆರಡು ಶಾಲೆಗಳು ಮೊದಲೇ ಬಾಚಿಕೊಂಡ ಮೇಲೆ, ಮಿಕ್ಕ ಶಾಲೆಗಳಲ್ಲಿ ಪ್ರತಿಭೆಯೇ ಇಲ್ಲವೆಂದು ಸಮಿತಿ ವಿಷಾದಿಸುವ ಪರಿ ಮಾತ್ರ ಅನನ್ಯವಾದದ್ದು.

ಟೂರ್ನಿಯ ಸ್ವರೂಪವೇ ಇದಕ್ಕೆ ತಕ್ಕ ಹಾಗಿದೆ. 1964ರಲ್ಲಿ ಈಸ್ಟ್ ಲಂಡನ್ ನಗರದಲ್ಲಿ ಆರಂಭವಾದ, ದಕ್ಷಿಣ ಆಫ್ರಿಕಾ ರಗ್ಬಿಯ ಹಿರಿಯ ಆಡಳಿತಗಾರ ಡಾನಿ ಕ್ರೇವನ್ ಅವರ ಹೆಸರು ಹೊತ್ತ ಈ ಕೂಟವು ಪೈಪೋಟಿಗಿಂತ ಹಬ್ಬವಾಗಿರಬೇಕೆಂಬುದು ಮೂಲ ಆಶಯ. ಹಾಗಾಗಿ ಇಲ್ಲಿ ಅಧಿಕೃತ ಚಾಂಪಿಯನ್ ಪಟ್ಟ ಇಲ್ಲ. ಕೊನೆಯ ದಿನದ ಮುಖ್ಯ ಪಂದ್ಯವನ್ನು ಯಾವ ಎರಡು ತಂಡಗಳು ಆಡಬೇಕೆಂಬುದನ್ನು ಸಂಘಟಕರು ತೀರ್ಮಾನಿಸುವ ಪದ್ಧತಿ ಬೆಳೆದುಬಂದಿದೆ. ಗೆದ್ದು ಫೈನಲ್ ತಲುಪುವ ಒರಟು ವಿಧಾನಕ್ಕಿಂತ ಇದು ಎಷ್ಟೋ ನಾಜೂಕು. ಮೊದಲು ಆಟಗಾರರ ಆಯ್ಕೆ, ಬಳಿಕ ಮುಖ್ಯ ಪಂದ್ಯದ ಆಯ್ಕೆ, ಆಮೇಲೆ ದಕ್ಷಿಣ ಆಫ್ರಿಕಾ ಶಾಲಾ ತಂಡದ ಆಯ್ಕೆ. ನಡುನಡುವೆ ಬಿಡುವಾದಾಗ ಹುಡುಗರು ರಗ್ಬಿಯನ್ನೂ ಆಡುತ್ತಾರೆ.

ಇನ್ನು ಮೈಕಟ್ಟಿನ ವಿಷಯ. ಹದಿಮೂರಕ್ಕೇ ಮೀಸೆ ಚಿಗುರಿದ ಹುಡುಗ ಎದುರಿಗಿರುವ ನಾಲ್ವರನ್ನು ಕೆಡವಿಕೊಂಡು ನುಗ್ಗಿದರೆ ಅದು ಪ್ರತಿಭೆ. 2005ರಲ್ಲಿ 13 ವರ್ಷದೊಳಗಿನವರ ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ್ದ ಹುಡುಗರ ಜಾಡು ಹಿಡಿದ ಸಂಶೋಧಕರಿಗೆ 2010ರ ಕ್ರೇವನ್ ವೀಕ್‌ನಲ್ಲಿ ಅವರ ಪೈಕಿ ಸುಮಾರು ಕಾಲು ಭಾಗದವರಷ್ಟೇ ಸಿಕ್ಕಿದರು. ಮಿಕ್ಕವರನ್ನು ಓರಗೆಯವರು ಬೆಳೆದು ಹಿಂದಿಕ್ಕಿದರೋ, ಗಾಯ ಕಾಡಿತೋ, ಬೇಸರವಾಯಿತೋ, ಸಮಿತಿಗೆ ಅದು ಬೇಡದ ವಿಚಾರ. ಗಾತ್ರವೇ ಅರ್ಹತೆಯೆಂದು ಹುಡುಗರೂ ಅರ್ಥಮಾಡಿಕೊಂಡಿದ್ದಾರೆ. ಕ್ರೇವನ್ ವೀಕ್‌ನಲ್ಲೇ ಸ್ಟೀರಾಯ್ಡ್ ಸೇವಿಸಿ ಸಿಕ್ಕಿಬಿದ್ದ ಶಾಲಾ ಬಾಲಕರಿದ್ದಾರೆ. ಅತ್ತ ಸುಮಾರು 1.72 ಮೀಟರ್ ಎತ್ತರದ ದಕ್ಷಿಣ ಆಫ್ರಿಕಾ ಆಟಗಾರ ಚೆಸ್ಲಿನ್ ಕೋಲ್ಬೆ 2019ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ನಾಯಕನನ್ನು ನಿಂತಲ್ಲೇ ಯಾಮಾರಿಸಿ, ಎದುರಾಳಿಯ ಗೆರೆಯಾಚೆ ಚೆಂಡು ಊರಿ ಟ್ರೈ ಗಳಿಸಿದ್ದನ್ನು ಎಲ್ಲ ಆಯ್ಕೆಗಾರರೂ ಎದ್ದು ನಿಂತು ಚಪ್ಪಾಳೆ ತಟ್ಟಿಯೇ ನೋಡಿರಬೇಕು.

ವ್ಯವಸ್ಥೆಯನ್ನು ಟೀಕಿಸಿದರೆ ದಕ್ಷಿಣ ಆಫ್ರಿಕಾ ತಂಡವನ್ನು ಮುನ್ನಡೆಸಿದ ಸಿಯಾ ಕೊಲಿಸಿ ಅವರ ಹೆಸರು ಅಡ್ಡ ಬರುತ್ತದೆ. ಝ್ವಿಡೆ ಎಂಬ ಬಡ ಬಡಾವಣೆಯಲ್ಲಿ ಬೆಳೆದ, ಮೊದಲ ಟ್ರಯಲ್ಸ್‌ಗೆ ಆಟದ ಚಡ್ಡಿ ಇಲ್ಲದೆ ಒಳಚಡ್ಡಿಯಲ್ಲೇ ಆಡಿದ ಬಾಲಕ ಎರಡು ವಿಶ್ವಕಪ್‌ಗಳನ್ನು ಗೆದ್ದ ನಾಯಕನಾಗಲಿಲ್ಲವೇ ಎನ್ನುತ್ತಾರೆ. ಆದರು, ನಿಜ. ಹನ್ನೆರಡರ ವಯಸ್ಸಿನಲ್ಲಿ ಮೊಸೆಲ್ ಬೇ ಟೂರ್ನಿಯೊಂದರಲ್ಲಿ ಯಾರದೋ ಕಣ್ಣಿಗೆ ಬಿದ್ದು, ಹೆಸರಾಂತ ಶಾಲೆಯ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಆದರು. ಆ ದಿನ ಆ ಕಣ್ಣು ಬೇರೆ ಮೈದಾನದಲ್ಲಿದ್ದಿದ್ದರೆ? ಒಬ್ಬನ ಅದೃಷ್ಟವನ್ನು ಮುಂದಿಟ್ಟುಕೊಂಡು ಸಾವಿರಾರು ಮಕ್ಕಳ ದುರದೃಷ್ಟಕ್ಕೆ ಸಮರ್ಥನೆ ಕೊಡುವುದನ್ನು ಕೇಳಿ ಕೇಳಿ ಸಾಕಾಗಿದೆ. 1980ರವರೆಗೆ ಕ್ರೇವನ್ ವೀಕ್ ಬಿಳಿಯರ ಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಇಂದು ಆ ಕಾನೂನಿಲ್ಲ, ಆದರೆ ಹುಲ್ಲಿನ ಮೈದಾನವಿಲ್ಲದ ಶಾಲೆಯ ಹುಡುಗ ಇಂದಿಗೂ ಬಾಗಿಲ ಹೊರಗೇ ನಿಂತಿದ್ದಾನೆ. ಇದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ.

ಪರಿಹಾರಗಳೇನೂ ಗುಟ್ಟಲ್ಲ. ಯಾವ ಶಾಲೆಯ ಸಂಬಳವನ್ನೂ ಪಡೆಯದವರು ಆಯ್ಕೆ ಮಾಡಲಿ. ತನ್ನ ಶಾಲೆಯ ಹುಡುಗನ ಹೆಸರು ಬಂದಾಗ ತರಬೇತುದಾರ ಕೋಣೆಯಿಂದ ಎದ್ದು ಹೋಗಲಿ. ಸಣ್ಣ ಶಾಲೆಗಳ ಪಂದ್ಯಗಳ ವಿಡಿಯೊ ತರಿಸಿ ನೋಡಲಿ. ಮೈ ಬಲಿತ ಹಂತಕ್ಕೆ ತಕ್ಕಂತೆ ಹುಡುಗರನ್ನು ವಿಂಗಡಿಸಿ ಒಮ್ಮೆಯಾದರೂ ಆಡಿಸಿ ನೋಡಲಿ. ಕೈಬಿಟ್ಟ ಪ್ರತಿ ಹುಡುಗನಿಗೂ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಕೊಡಲಿ. ಇದಕ್ಕೆ ದೊಡ್ಡ ಖರ್ಚೂ ಬೇಕಿಲ್ಲ. ತೊಂದರೆ ಇಷ್ಟೇ: ಕಾರಣ ಬರೆದರೆ ಕೆಳಗೆ ಸಹಿ ಹಾಕಬೇಕಾಗುತ್ತದೆ, ಸಹಿ ಹಾಕಿದರೆ ಆ ಮಹನೀಯರು ಯಾವ ಶಾಲೆಯವರೆಂದು ಯಾರಾದರೂ ಕೇಳಿಬಿಡುತ್ತಾರೆ.